ಹಿತ್ತಲ ಸ್ಟ್ರಾಬೆರಿಯಲ್ಲಿ ಸಿಕ್ಕ ದ್ರಾಕ್ಷಿಯ ಘಮ

ಇಂಗ್ಲೆಂಡಿನಲ್ಲಿ ಕೇಂಬ್ರಿಡ್ಜ್ ಪಕ್ಕದ ಸಣ್ಣ ಊರಲ್ಲಿ ನಮ್ಮ ಮನೆ. ಹಿತ್ತಲು ದೊಡ್ಡದೇನಲ್ಲ. ಎರಡು ಮಡಿ, ಗೋಡೆಗುಂಟ 14 ಕುಂಡ. ಅಷ್ಟರಲ್ಲೇ ಈಗ 7 ಬಗೆಯ ಸ್ಟ್ರಾಬೆರಿ ಇದೆ. ಆರು ವರ್ಷದಿಂದ ಒಂದೊಂದಾಗಿ ಸೇರಿಸುತ್ತಾ ಬಂದೆ.

ಈ ಆಸೆ ಹುಟ್ಟಿದ್ದು ಫ್ರಾನ್ಸಿನ ಒಂದು ವಾರದ ಸಂತೆಯಲ್ಲಿ. ರಜೆಗೆ ಹೋಗಿದ್ದೆವು. ತರಕಾರಿ ಸಾಲಿನ ಮುಂದೆ ನಡೆಯುವಾಗ ಥಟ್ಟನೆ ಒಂದು ವಾಸನೆ ಬಂತು. ನಿಂತುಬಿಟ್ಟೆ. ನಮ್ಮ ತಾತನ ತೋಟದ ವಾಸನೆ ಅದು. ದೇವನಹಳ್ಳಿ ಹತ್ತಿರ ತಾತನಿಗೆ ಅರ್ಧ ಎಕರೆ ದ್ರಾಕ್ಷಿ ಚಪ್ಪರ ಇತ್ತು. ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಹಿಸುಕಿದರೆ ಜಾರಿ ಹೊರಗೆ ಬರುವ ತಿರುಳು. ಹಣ್ಣಾದಾಗ ಚಪ್ಪರದ ಕೆಳಗೆ ಕಾಲಿಟ್ಟರೆ ಸಾಕು, ಘಮ್ ಅನ್ನುತ್ತಿತ್ತು. ಆ ಸಂತೆಯಲ್ಲಿ ನೋಡಿದರೆ ದ್ರಾಕ್ಷಿ ಎಲ್ಲೂ ಇಲ್ಲ. ಒಂದು ಸಣ್ಣ ಬುಟ್ಟಿಯಲ್ಲಿ ಕಡುಗೆಂಪು ಸ್ಟ್ರಾಬೆರಿ ಇತ್ತು, ಪಕ್ಕದ ಚೀಟಿಯಲ್ಲಿ 'ಮಾರಾ ದೆ ಬುವಾ' ಅಂತ ಬರೆದಿತ್ತು. ಕೊಂಡೆವು. ಕಾರಿಗೆ ಬರುವಷ್ಟರಲ್ಲಿ ಬುಟ್ಟಿ ಖಾಲಿ. ತಳದಲ್ಲಿದ್ದ ಹಣ್ಣುಗಳು ಆಗಲೇ ಮೆತ್ತಗಾಗಿ ರಸ ಬಿಟ್ಟಿದ್ದವು.

ಆ ರಸ ನೋಡಿಯೇ ನನಗೆ ವಿಷಯ ಅರ್ಥವಾಗಿದ್ದು. ಇಷ್ಟು ಮೆತ್ತನೆಯ ಹಣ್ಣು ಲಾರಿ ಹತ್ತಿ, ಗೋದಾಮಿನಲ್ಲಿ ಕೂತು, ಮೂರು ದಿನ ಅಂಗಡಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅಂಗಡಿಗೆ ಬೆಳೆಸುವ ತಳಿಗಳನ್ನು ಗಟ್ಟಿ ಮೈ, ಹೊಳಪು, ಒಂದೇ ಅಳತೆ ನೋಡಿ ಆರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಬೆಳೆದವರಿಗೆ ಹಣ್ಣು ಊರು ಮುಟ್ಟಬೇಕು. ಆದರೆ ಘಮ ಬೇಕು ಅನ್ನುವವರು ಮನೆಯಲ್ಲೇ ಬೆಳೆಯಬೇಕು.

ಮಾರಾ ದೆ ಬುವಾ ಫ್ರಾನ್ಸಿನ ಜಾಕ್ ಮಾರಿಯೊನೆ ಎಂಬ ನರ್ಸರಿಯವರು ತಯಾರಿಸಿದ ತಳಿ. 1991ರಲ್ಲಿ ಹೊರಬಂತು. ಕಾಡು ಸ್ಟ್ರಾಬೆರಿಯ ಘಮ ದೊಡ್ಡ ಹಣ್ಣಿನಲ್ಲಿ ಬರಬೇಕು ಅನ್ನುವುದೇ ಅದರ ಗುರಿ. ನಾನು ಮೊದಲು ತಂದಿದ್ದು ಇದರ ಆರು ಸಸಿ. ಏಪ್ರಿಲ್‌ನಲ್ಲಿ ನೆಟ್ಟೆ. ಬೇರೆ ಬಹಳಷ್ಟು ತಳಿಗಳು ಜೂನ್‌ನಲ್ಲಿ ಒಂದು ತಿಂಗಳು ಹಣ್ಣು ಕೊಟ್ಟು ಸುಮ್ಮನಾಗುತ್ತವೆ. ಇದು ಅಕ್ಟೋಬರ್‌ವರೆಗೂ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರುತ್ತದೆ. ಸೆಪ್ಟೆಂಬರ್ ಹಣ್ಣೇ ನನಗೆ ಜಾಸ್ತಿ ಇಷ್ಟ. ರಾತ್ರಿ ತಂಪು, ಹಗಲು ಬಿಸಿಲು ಇರುವಾಗ ಅದರ ರುಚಿ ಗಟ್ಟಿಯಾಗುತ್ತದೆ.

ನೆಡುವಾಗ ಒಂದು ವಿಷಯ ಮಾತ್ರ ಮರೆಯಬೇಡಿ. ಗಿಡದ ಸುಳಿ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತರೆ ಕೊಳೆಯುತ್ತದೆ, ಮೇಲೆ ನಿಂತರೆ ಒಣಗುತ್ತದೆ. ನಮ್ಮ ಕಡೆ ಮಣ್ಣಿನಲ್ಲಿ ಸುಣ್ಣ ಜಾಸ್ತಿ, ನಲ್ಲಿ ನೀರೂ ಗಡಸು. ಮೊದಲ ಬೇಸಿಗೆಯಲ್ಲಿ ಎಳೆ ಎಲೆಗಳೆಲ್ಲ ಹಳದಿ ತಿರುಗಿ, ನರ ಮಾತ್ರ ಹಸಿರಾಗಿ ಉಳಿದಿತ್ತು. ಸುಣ್ಣದ ಮಣ್ಣಲ್ಲಿ ಗಿಡ ಕಬ್ಬಿಣದ ಅಂಶ ಹೀರಿಕೊಳ್ಳಲು ಆಗದೆ ಹೀಗಾಗುತ್ತದೆ. ಮಾಡಿನ ಮಳೆನೀರು ಬೀಳುವ ಕಡೆ ಒಂದು ಡ್ರಮ್ ಇಟ್ಟೆ. ಆಮೇಲೆ ಸ್ಟ್ರಾಬೆರಿಗೆ ಆ ನೀರನ್ನೇ ಹಾಕುತ್ತಾ ಬಂದೆ. ಮಡಿಗೆ ಎಲೆಗೊಬ್ಬರ ಸೇರಿಸಿದೆ. ಮುಂದಿನ ವರ್ಷ ಹಸಿರು ಬಂತು. ಹೂ ಬಿಡಲು ಶುರುವಾದ ಮೇಲೆ ಎರಡು ವಾರಕ್ಕೊಮ್ಮೆ ಟೊಮೆಟೊ ಗಿಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ನೀರಲ್ಲಿ ಕದಡಿ ಕೊಡುತ್ತೇನೆ. ಯೂರಿಯಾದಂಥದ್ದು ಹಾಕಿದರೆ ಎಲೆ ಹುಲುಸಾಗಿ ಬರುತ್ತದೆ, ಹಣ್ಣು ಸಪ್ಪೆಯಾಗುತ್ತದೆ.

ಎರಡನೇ ವರ್ಷ ಬೀಜದಿಂದ ಆಲ್ಪೈನ್ ಸ್ಟ್ರಾಬೆರಿ ಮಾಡಿದೆ. ಯುರೋಪಿನ ಕಾಡುಗಳಲ್ಲಿ ತಾನಾಗಿ ಬೆಳೆಯುವ ಜಾತಿಗೆ ಸೇರಿದ್ದು ಇದು. ಹಣ್ಣು ಕಿರುಬೆರಳ ತುದಿಯಷ್ಟೇ. ಕೆಂಪಿನಲ್ಲಿ 'ಮಿನ್ಯೊನೆಟ್', ಹಳದಿಯಲ್ಲಿ 'ಯೆಲ್ಲೋ ವಂಡರ್' ತಂದೆ. ಬೀಜ ಧೂಳಿನ ಹಾಗೆ ಸಣ್ಣದು. ಮೂರು ವಾರ ಫ್ರಿಜ್ಜಿನಲ್ಲಿಟ್ಟು ಫೆಬ್ರವರಿಯಲ್ಲಿ ಒದ್ದೆ ಕಾಂಪೋಸ್ಟ್ ಮೇಲೆ ಉದುರಿಸಿದೆ. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಟ್ರೇಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಕಿಟಕಿ ಪಕ್ಕ ಇಟ್ಟೆ. ಎರಡು ವಾರ ಏನೂ ಇಲ್ಲ. ಮೂರನೇ ವಾರವೂ ಇಲ್ಲ. ಬಿಸಾಡೋಣ ಅಂತ ಮನೆಯವರು ಹೇಳಿದರು. ಇಪ್ಪತ್ತಾರನೇ ದಿನ ಸಾಸಿವೆಗಿಂತ ಸಣ್ಣ ಎರಡು ಎಲೆ ಕಂಡವು. ಅವತ್ತಿನ ಖುಷಿ ಇನ್ನೂ ನೆನಪಿದೆ. ಆಗಸ್ಟ್ ಕೊನೆಗೆ ಅದೇ ಗಿಡದಲ್ಲಿ ಹಣ್ಣು ತಿಂದೆವು.

ಈ ಎರಡು ತಳಿ ಬಳ್ಳಿ ಬಿಡುವುದಿಲ್ಲ, ಒಂದೇ ಕಡೆ ಗುಂಪಾಗಿ ಬೆಳೆಯುತ್ತವೆ. ಅರ್ಧ ನೆರಳಿದ್ದರೂ ಕೊರಗುವುದಿಲ್ಲ. ಕೆಂಪು ಹಣ್ಣನ್ನು ಇಲ್ಲಿನ ಕರಿ ಹಕ್ಕಿ, ಅಂದರೆ ಬ್ಲ್ಯಾಕ್‌ಬರ್ಡ್, ಬೆಳಗಾಗುವ ಮೊದಲೇ ಮುಗಿಸಿಬಿಡುತ್ತದೆ. ಹಳದಿ ಹಣ್ಣು ಪಕ್ಕದಲ್ಲೇ ಇದ್ದರೂ ಮುಟ್ಟುವುದಿಲ್ಲ. ಅದಕ್ಕೆ ಕಾಯಿ ಅನ್ನಿಸುತ್ತದೋ ಏನೋ. ಹಾಗಾಗಿ ನಾನು ಬಲೆ ಹಾಕುವುದು ಕೆಂಪು ಗಿಡಗಳಿಗೆ ಮಾತ್ರ. ಹಳದಿ ಹಣ್ಣು ಆಯಿತೋ ಇಲ್ಲವೋ ಅಂತ ಕಣ್ಣಿನಿಂದ ಹೇಳುವುದು ನಮಗೂ ಕಷ್ಟ. ಮೆಲ್ಲಗೆ ಮುಟ್ಟಿ ನೋಡಿ. ತೊಟ್ಟಿನಿಂದ ತಾನೇ ಕೈಗೆ ಬಂದರೆ ಹಣ್ಣು. ಎಳೆಯಬೇಕಾಗಿ ಬಂದರೆ ಇನ್ನೂ ದೋರಗಾಯಿ, ಒಗರು ಹೊಡೆಯುತ್ತದೆ.

ಗಾಢ ಘಮದ ಇನ್ನೊಂದು ಜಾತಿ, ಮಸ್ಕ್ ಸ್ಟ್ರಾಬೆರಿ ಮಾತ್ರ ನನ್ನನ್ನು ಎರಡು ವರ್ಷ ಕಾಯಿಸಿತು. 'ಕ್ಯಾಪ್ರಾನ್' ಅಂತ ಒಂದೇ ಒಂದು ಸಸಿ ತಂದಿದ್ದೆ. ಉದ್ದುದ್ದ ಬಳ್ಳಿ ಬಿಟ್ಟು ಒಂದೇ ಬೇಸಿಗೆಯಲ್ಲಿ ಅರ್ಧ ಮಡಿ ತುಂಬಿತು. ಮುಂದಿನ ಮೇ ತಿಂಗಳಲ್ಲಿ ಬೆಳ್ಳಗೆ ಹೂವೋ ಹೂವು. ಒಂದೂ ಕಾಯಿ ಕಚ್ಚಲಿಲ್ಲ. ಜೇನುನೊಣ ಬರುತ್ತಿತ್ತು, ಹೆಪ್ಪುಗಟ್ಟುವ ಮಂಜೂ ಬಿದ್ದಿರಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಹೂವಿನೊಳಗೆ ನೋಡಿದೆ. ಕೇಸರಗಳು ಮೊಟಕು, ಪರಾಗವೇ ಇಲ್ಲ. ನಾನು ತಂದಿದ್ದು ಹೆಣ್ಣು ಗಿಡ. ಅದರ ಬಳ್ಳಿಯಿಂದ ಬಂದ ಮರಿಗಳೆಲ್ಲವೂ ಹೆಣ್ಣೇ. ಈ ಜಾತಿಯಲ್ಲಿ ಪಪ್ಪಾಯಿಯ ಹಾಗೆ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುತ್ತವೆ. ಪಕ್ಕದಲ್ಲಿದ್ದ ಮಾಮೂಲಿ ಸ್ಟ್ರಾಬೆರಿಯ ಪರಾಗ ಇದಕ್ಕೆ ಕೂಡಿಬರಲಿಲ್ಲ. ಮಾಮೂಲಿಯದಕ್ಕೆ 56 ಕ್ರೋಮೋಸೋಮ್, ಮಸ್ಕ್‌ಗೆ 42, ಆಲ್ಪೈನ್‌ಗೆ 14. ನೋಡಲು ಒಂದೇ ಥರ ಇದ್ದರೂ ದೂರದ ನೆಂಟರು.

ಇದೇ ಕಷ್ಟ 300 ವರ್ಷದ ಹಿಂದೆ ಇಡೀ ಫ್ರಾನ್ಸಿಗೆ ಬಂದಿತ್ತು ಅಂತ ಆಮೇಲೆ ಓದಿದೆ. ಫ್ರೆಜಿಯೆ ಎಂಬ ಸೇನೆಯ ಎಂಜಿನಿಯರ್ ಚಿಲಿ ದೇಶದ ಕರಾವಳಿ ನೋಡಲು ಹೋಗಿದ್ದವರು, ಅಲ್ಲಿನ ದಪ್ಪ ಸ್ಟ್ರಾಬೆರಿ ಕಂಡು ಗಿಡಗಳನ್ನು ಹಡಗಿನಲ್ಲಿ ತಂದರು. 1714ರಲ್ಲಿ ದಡ ಸೇರಿದಾಗ ಬದುಕಿದ್ದದ್ದು ಐದೇ ಗಿಡ. ದಪ್ಪ ಕಾಯಿ ಇರುವ ಗಿಡಗಳನ್ನೇ ಆರಿಸಿ ತಂದಿದ್ದರಿಂದ ಎಲ್ಲವೂ ಹೆಣ್ಣಾಗಿದ್ದವು. ಫ್ರಾನ್ಸಿನಲ್ಲಿ ಕಾಯಿ ಬಿಡಲಿಲ್ಲ. ಉತ್ತರ ಅಮೆರಿಕದಿಂದ ಬಂದಿದ್ದ ಇನ್ನೊಂದು ಜಾತಿಯ ಪಕ್ಕ ಬೆಳೆದಾಗ ಕಾಯಿ ಕಟ್ಟಿತು. ಆ ಬೀಜದಿಂದ ಹುಟ್ಟಿದ ಹೊಸ ಗಿಡವೇ ಇವತ್ತು ಪ್ರಪಂಚದ ಎಲ್ಲ ಅಂಗಡಿಯಲ್ಲೂ ಇರುವ ಸ್ಟ್ರಾಬೆರಿ. ಇದನ್ನು 1766ರಲ್ಲಿ ಬಿಡಿಸಿ ಹೇಳಿದವರು ಡ್ಯುಶೆನ್ ಎಂಬ ಫ್ರೆಂಚ್ ತರುಣ. ಆಗ ಅವರಿಗೆ ಇನ್ನೂ 20 ವರ್ಷ ಆಗಿರಲಿಲ್ಲ. ಓದಿದ ಮೇಲೆ ಮನಸ್ಸಿಗೆ ಧೈರ್ಯ ಬಂತು. ಒಂದು ಗಂಡು ಮಸ್ಕ್ ಗಿಡ ಹುಡುಕಿ ತಂದು ನಡುವೆ ನೆಟ್ಟೆ. ಮುಂದಿನ ಜೂನ್‌ನಲ್ಲಿ ಹಣ್ಣು ಬಂತು. ಒಟ್ಟು ಎರಡು ಬೊಗಸೆ, ಅಷ್ಟೇ.

ಬಿಳಿ ಸ್ಟ್ರಾಬೆರಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪೈನ್‌ಬೆರಿ ಅಂತ ಮಾರುತ್ತಾರೆ. ಮೈ ಬಿಳಿ, ಬೀಜ ಕೆಂಪು. ನೋಡಲು ಬಲು ಚೆಂದ. ಬೀಜ ಕೆಂಪಾಗಿ, ಮೈಗೆ ತುಸು ಗುಲಾಬಿ ಬಣ್ಣ ಹತ್ತಿದಾಗ ಕೀಳಬೇಕು. ಪಕ್ಕದಲ್ಲಿ ಬೇರೆ ತಳಿ ಇದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಒಂದು ವಾರ ಬಿಸಿಲು ಕಾದರೆ ಅನಾನಸಿನ ಎಳೆ ರುಚಿ ಬರುತ್ತದೆ. ಮಳೆ ಬಂದ ವಾರ ಸಪ್ಪೆ. ಜಾಗ ಕಡಿಮೆ ಇದ್ದರೆ ಇದನ್ನು ಬಿಡಿ ಅಂತಲೇ ಹೇಳುತ್ತೇನೆ. ಫ್ರಾನ್ಸಿನ 'ಗಾರಿಗೆಟ್' ಉದ್ದ ಮೂತಿಯ ಹಣ್ಣು. ಹುಳಿ ಸಿಹಿ ಎರಡೂ ಮುಂದಾಗಿ, ಎಲ್ಲಕ್ಕಿಂತ ಮೊದಲು ಬರುತ್ತದೆ. ಏಳನೆಯದು 'ಕೇಂಬ್ರಿಡ್ಜ್ ಫೇವರಿಟ್'. ಮನೆ ಕೊಂಡಾಗಲೇ ಮಡಿಯಲ್ಲಿತ್ತು. ಜಾಮ್ ಮಾಡಲು ಒಳ್ಳೆಯದು.

ಮೂರನೇ ವರ್ಷ ಕುಂಡದ ಗಿಡಗಳು ಇದ್ದಕ್ಕಿದ್ದಂತೆ ಬಾಡಿದವು. ನೀರು ಹಾಕಿದರೂ ಏಳಲಿಲ್ಲ. ಹಿಡಿದು ಎತ್ತಿದೆ, ಗಿಡ ಸಲೀಸಾಗಿ ಕೈಗೆ ಬಂತು. ಬೇರೇ ಇಲ್ಲ. ಮಣ್ಣು ಕೆದಕಿದರೆ ಕೊಕ್ಕೆಯ ಹಾಗೆ ಬಾಗಿದ, ಕಂದು ತಲೆಯ ಬಿಳಿ ಹುಳುಗಳು. ವೈನ್ ವೀವಿಲ್ ಅನ್ನುವ ದುಂಬಿಯ ಮರಿಗಳು. 9 ಗಿಡ ಹೋದವು. ಅವತ್ತು ನಿಜವಾಗಿಯೂ ಅಳು ಬಂತು. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ, ಮಣ್ಣು ಇನ್ನೂ ಬೆಚ್ಚಗಿರುವಾಗ, ಈ ಹುಳುವನ್ನು ಕೊಲ್ಲುವ ನೆಮಟೋಡ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ನೀರಲ್ಲಿ ಬೆರೆಸಿ ಕುಂಡಗಳಿಗೆ ಹಾಕುತ್ತೇನೆ. ಮೇ ತಿಂಗಳ ರಾತ್ರಿ ಹೆಪ್ಪುಗಟ್ಟುವ ಮಂಜು ಬೀಳುತ್ತದೆ ಅಂದರೆ ಅಮ್ಮನ ಹಳೆ ಹತ್ತಿ ಸೀರೆ ಹೊದಿಸುತ್ತೇನೆ. ಬಿಟ್ಟರೆ ಹೂವಿನ ನಡುಭಾಗ ಕಪ್ಪಾಗುತ್ತದೆ, ಆ ಹೂವು ಕಾಯಿ ಆಗುವುದಿಲ್ಲ.

ಹೋದ ವರ್ಷ ಜೂನ್ ಕೊನೆಗೆ ಅಮ್ಮ ಬಂದಿದ್ದರು. ನಾಲ್ಕು ದಿನ ಮಳೆ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹಣ್ಣು ಕಿತ್ತು, ತೊಳೆಯದೆ, ಬಿಸಿಲಿನ ಬಿಸಿ ಆರುವ ಮೊದಲೇ ಏಳು ಬಟ್ಟಲಲ್ಲಿ ಇಟ್ಟೆ. ಫ್ರಿಜ್ಜಿಗೆ ಹಾಕಿದರೆ ಘಮವೆಲ್ಲ ಅಡಗುತ್ತದೆ. ಅಮ್ಮನಿಗೆ ಯಾವುದರ ಹೆಸರನ್ನೂ ಹೇಳಲಿಲ್ಲ. ಕಣ್ಣು ಮುಚ್ಚಿಕೊಳ್ಳಿ ಅಂದೆ.

ಮಾರಾ ದೆ ಬುವಾ ಬಾಯಿಗಿಟ್ಟು ಕಾದು ಕೂತೆ.

"ಚೆನ್ನಾಗಿದೆ ಮಗಾ. ಪನ್ನೇರಳೆ ಹಣ್ಣಿನ ಥರ."

"ದ್ರಾಕ್ಷಿ ಅನ್ನಿಸಲ್ವಾ ಅಮ್ಮಾ?"

"ದ್ರಾಕ್ಷಿನಾ? ಇಲ್ಲಪ್ಪ."

ಮಸ್ಕ್ ಕೊಟ್ಟೆ. ಕಣ್ಣು ಬಿಟ್ಟು ಹಣ್ಣನ್ನೇ ನೋಡಿದರು. "ಇದೇನು, ಹಲಸಿನ ತೊಳೆ ಕಳಿತ ಹಾಗಿದೆ! ಮನೆಯೊಳಗೆ ಇಟ್ಟರೆ ಬೀದಿಗೆಲ್ಲ ಗೊತ್ತಾಗುತ್ತೆ." ನನ್ನ ಎಂಟು ವರ್ಷದ ಮಗಳು ಮೂಗು ಮುಚ್ಚಿಕೊಂಡಳು. ಅಮ್ಮ ಮಾತ್ರ ಬಟ್ಟಲು ಖಾಲಿ ಮಾಡಿದರು. ಅವರ ಮಾತು ಸರಿ. ಜೇನು, ಈರುಳ್ಳಿ, ಕಳಿತ ಹಲಸು, ಎಲ್ಲ ಸೇರಿದ ಒಂದು ಗಾಢ ವಾಸನೆ ಅದಕ್ಕಿದೆ.

ಕೊನೆಗೆ ಹಳದಿ ಆಲ್ಪೈನ್. ಎರಡು ಹಣ್ಣು ಬಾಯಿಗೆ ಹಾಕಿಕೊಂಡವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಪ್ಪರದ ಮೂಲೆ ಗಿಡ ನೆನಪಿದೆಯಾ? ಮೋಟರ್ ಮನೆ ಪಕ್ಕದ್ದು. ಅದರ ಹಣ್ಣು ಇದು" ಅಂದರು.

ಇದು ಬರೀ ನೆನಪಿನ ಮಾತಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ರಕ್ತ ಇದೆ. ಆ ಜಾತಿಯ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರಾನಿಲೇಟ್ ಎಂಬ ಅಂಶ. ಯುರೋಪಿನ ಕಾಡು ಸ್ಟ್ರಾಬೆರಿಯಲ್ಲೂ ಅದೇ ಅಂಶ ಇದೆ. ಮಾರಾ ದೆ ಬುವಾದಲ್ಲೂ ಇದೆ. ಅಂಗಡಿಯ ಬಹುತೇಕ ತಳಿಗಳಲ್ಲಿ ಮಾತ್ರ ಇಲ್ಲ ಅನ್ನುವಷ್ಟು ಕಡಿಮೆ. ನನ್ನ ಮೂಗಿಗೆ ಅದು ಒಂದು ಹಣ್ಣಿನಲ್ಲಿ ಸಿಕ್ಕಿತು, ಅಮ್ಮನಿಗೆ ಇನ್ನೊಂದರಲ್ಲಿ. ತಾತನ ತೋಟ ಈಗ ಇಲ್ಲ. ಅಲ್ಲಿ ಸೈಟುಗಳಾಗಿವೆ.

ಊರಲ್ಲಿರುವವರು ಏನು ಮಾಡಬಹುದು ಅಂತ ತಂಗಿ ಕೇಳುತ್ತಿರುತ್ತಾಳೆ. ಅವಳು ಬೆಂಗಳೂರಿನ ತಾರಸಿಯಲ್ಲಿ ಅಕ್ಟೋಬರ್‌ನಲ್ಲಿ 'ವಿಂಟರ್ ಡಾನ್' ಸಸಿ ನೆಡುತ್ತಾಳೆ. ಮಹಾಬಲೇಶ್ವರದ ಕಡೆ ಬೆಳೆಯುವ ತಳಿ ಅದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಸಿಗುತ್ತದೆ. ಪೂರ್ತಿ ಕೆಂಪಾಗಿ, ತೊಟ್ಟಿನ ಹತ್ತಿರದ ಬಿಳಿ ಹೋಗುವವರೆಗೆ ಕಾದು ಕೀಳಲು ಹೇಳಿದೆ. ಕಿತ್ತ ಮೇಲೆ ಸ್ಟ್ರಾಬೆರಿ ಕೆಂಪಾಗಬಹುದು, ಸಿಹಿ ಆಗುವುದಿಲ್ಲ. ಹಾಗೆ ಕಾದು ಕಿತ್ತ ಹಣ್ಣು ಬೇರೆಯೇ ಇತ್ತು ಅಂದಳು. ಆಲ್ಪೈನ್ ಬೀಜವನ್ನೂ ಅಲ್ಲೇ ಕೊಂಡು ಹಾಕಿದ್ದಳು. ಏಪ್ರಿಲ್ ಬಿಸಿಲಿಗೆ ಗಿಡ ಹೋಯಿತು. ಮಡಿಕೇರಿಯಂಥ ತಂಪು ಜಾಗದಲ್ಲಿ, ನೆರಳಲ್ಲಿ ಇಟ್ಟರೆ ನಿಲ್ಲಬಹುದು ಅಂತ ನನ್ನ ಅನಿಸಿಕೆ. ಇಲ್ಲಿಂದ ಗಿಡ, ಬೀಜ ಸೂಟ್‌ಕೇಸಿನಲ್ಲಿ ತನ್ನಿ ಅಂತ ಮಾತ್ರ ಯಾರೂ ಕೇಳಬೇಡಿ. ಪರವಾನಗಿ ಇಲ್ಲದೆ ತರುವಂತಿಲ್ಲ. ಬೇರಿನ ಜೊತೆ ಅಂಥ ಒಂದು ಬಿಳಿ ಹುಳು ಬಂದರೂ ಸಾಕು, ಅಲ್ವಾ?

ಅಮ್ಮ ವಾಪಸ್ ಹೋಗುವ ದಿನ ಹಳದಿ ಗಿಡದಲ್ಲಿ ಚೆನ್ನಾಗಿ ಹಣ್ಣಾದ ಆರು ಹಣ್ಣು ಆರಿಸಿ ಕೊಟ್ಟರು. ಅದನ್ನು ತಿನ್ನಲಿಲ್ಲ. ಪೇಪರ್ ಮೇಲೆ ಒರೆಸಿ, ಬೀಜ ಒಣಗಿಸಿ, ಲಕೋಟೆಗೆ ಹಾಕಿದೆ. ಲಕೋಟೆಯ ಮೇಲೆ 'ಮೋಟರ್ ಮನೆ ಪಕ್ಕದ್ದು' ಅಂತ ಮಗಳು ಬರೆದಳು. ಈ ಫೆಬ್ರವರಿಯಲ್ಲಿ ಹಾಕಿದ ಬೀಜ ಮೊಳೆತು 31 ಸಸಿ ಬಂದಿವೆ. ಎಲೆ ಮೂರಾದ ಮೇಲೆ ಕುಂಡಕ್ಕೆ ಬದಲಾಯಿಸಬೇಕು.