ಕೋಡಿ ಬಿದ್ದಾಗ ತೆರೆಯುವ ಬಾಗಿಲು: ತಲೆಮಾರುಗಳನ್ನು ಬೆಸೆಯುವ ಕಾಲಯಾನದ ಕಾದಂಬರಿ ಬರೆಯುವ ಬಗೆ

ಕಾಲಯಾನದ ಕಾದಂಬರಿ ಬರೆಯಬೇಕೆಂದು ಕುಳಿತವರ ಮನಸ್ಸು ಮೊದಲು ಓಡುವುದು ಯಂತ್ರದ ಕಡೆಗೆ. ಆದರೆ ಒಂದೇ ಮನೆತನದ ಮೂರು ನಾಲ್ಕು ತಲೆಮಾರುಗಳನ್ನು ಬೆಸೆಯುವ ಕಥೆಯಾದರೆ, ಅದಕ್ಕೂ ಮುಂಚೆ ಆ ಮನೆಯಲ್ಲಿ ಕೇಳಿದಾಗಲೆಲ್ಲ ಹಿರಿಯರು ಮಾತು ಮರೆಸುವ ಒಂದು ಪ್ರಶ್ನೆಯನ್ನು ನಿಶ್ಚಯಿಸಿಕೊಳ್ಳಬೇಕು. ಮುತ್ತಜ್ಜನ ತಮ್ಮನ ಹೆಸರು ವಂಶವೃಕ್ಷದಲ್ಲಿ ಏಕಿಲ್ಲ, ಕಾಲುವೆ ಪಕ್ಕದ ಹೊಲ ದಾಯಾದಿಗಳ ಪಾಲಾದದ್ದು ಹೇಗೆ, ಅಜ್ಜಿ ಮತ್ತೆ ತವರಿಗೆ ಕಾಲಿಡಲಿಲ್ಲವೇಕೆ ಎಂಬಂಥ ಒಂದೇ ಪ್ರಶ್ನೆ ಸಾಕು. ಅದಕ್ಕೆ ಉತ್ತರ ತಿಳಿಯಲು ಕಾಲವನ್ನು ದಾಟದೆ ಬೇರೆ ದಾರಿಯಿಲ್ಲ ಎನ್ನಿಸಿದಾಗ ಓದುಗರು ಉಳಿದ ಅಸಂಭವಗಳನ್ನೂ ಒಪ್ಪಿಕೊಳ್ಳುತ್ತಾರೆ.

ಆಮೇಲಿನ ಕೆಲಸ ಒಂದು ಕಾಲದಿಂದ ಇನ್ನೊಂದಕ್ಕೆ ದಾಟುವ ಬಾಗಿಲನ್ನು ಆರಿಸುವುದು. ಅದು ಎಲ್ಲಿ, ಯಾವಾಗ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಲೇಖಕರು ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸುತ್ತ ಹೋದರೆ ಕಥೆ ಸಡಿಲವಾಗುತ್ತದೆ. ಆ ಲೆಕ್ಕವನ್ನು ಊರಿನಿಂದಲೇ ಪಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರದುರ್ಗದಲ್ಲಿ ಕಥೆ ಕಟ್ಟುವವರು ಸಹಜವಾಗಿ ಏಳು ಸುತ್ತಿನ ಕೋಟೆಗೆ, ಓಬವ್ವನ ಕಿಂಡಿಗೆ ಹೋಗುತ್ತಾರೆ. ಆದರೆ ಅಲ್ಲಿಗೆ ಹೋದ ಕಥೆ 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಘಟನೆಯ ಸೆಳೆತಕ್ಕೆ ಸಿಕ್ಕಿ, ಮನೆತನದ ಪ್ರಶ್ನೆಯನ್ನು ಮರೆತು ಮದಕರಿ ನಾಯಕನ ಕಥೆಯಾಗಿಬಿಡುವ ಅಪಾಯವಿದೆ. ಮನೆಯವರ ನೆನಪಿಗೆ ನಿಲುಕುವಷ್ಟು ಹತ್ತಿರದ ಕಾಲವೇ ಇಂಥ ಕಾದಂಬರಿಗೆ ಹೆಚ್ಚು ಒದಗುತ್ತದೆ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ನೋಡಿ. ಮಾರಿ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಆನಂತರ 2025ರ ಜನವರಿಯಲ್ಲಿ ಪುನಃ ಹರಿಯಿತು. ನೀರು ಕೋಡಿಯ ಮೇಲೆ ಹರಿಯುವಷ್ಟು ದಿನ ಮಾತ್ರ ಬಾಗಿಲು ತೆರೆದಿರುತ್ತದೆ, ಒಂದು ಕೋಡಿಯಿಂದ ಇನ್ನೊಂದು ಕೋಡಿಗಷ್ಟೇ ದಾಟಬಹುದು ಎಂಬ ನಿಯಮವನ್ನು ಇಟ್ಟುಕೊಂಡರೆ ಕಥೆಯ ಅರ್ಧ ಕಷ್ಟ ತಾನಾಗಿ ಹುಟ್ಟುತ್ತದೆ. 2022ರಿಂದ 1933ಕ್ಕೆ ಹೋದವನು ನೀರು ಇಳಿಯುವುದರೊಳಗೆ ಹಿಂದಿರುಗದಿದ್ದರೆ ಅವನಿಗೆ ಮುಂದಿನ ಬಾಗಿಲು ಎಂಬತ್ತೊಂಬತ್ತು ವರ್ಷ ದೂರ. ಅವನು ಅಲ್ಲಿಯೇ ಬದುಕಬೇಕು, ದುಡಿಯಬೇಕು, ಯಾರದೋ ಮನೆಯಲ್ಲಿ ಯಾರೋ ಆಗಿ ಸೇರಿಕೊಳ್ಳಬೇಕು, ಅಲ್ಲಿಯೇ ಮಣ್ಣಾಗಬೇಕು. ವಂಶವೃಕ್ಷದಲ್ಲಿ ಹೆಸರಿಲ್ಲದ ಆ ಮುತ್ತಜ್ಜನ ತಮ್ಮ ಅವನೇ ಏಕಾಗಿರಬಾರದು?

ಭೂತಕಾಲವನ್ನು ಬದಲಿಸಬಹುದೇ ಎಂಬುದನ್ನು ಮೊದಲ ಅಧ್ಯಾಯಕ್ಕೆ ಮುನ್ನವೇ ನಿರ್ಧರಿಸಿ, ಕೊನೆಯವರೆಗೂ ಆ ಮಾತಿಗೆ ಬದ್ಧರಾಗಿರಿ. ಹಿಂದೆ ಹೋಗಿ ತನ್ನ ಅಜ್ಜನನ್ನೇ ಕೊಂದವನು ಹುಟ್ಟುವುದು ಹೇಗೆ ಎಂಬ ಹಳೆಯ ಒಗಟಿಗೆ ಮೂರು ಉತ್ತರಗಳು ರೂಢಿಯಲ್ಲಿವೆ: ನಡೆದದ್ದು ಬದಲಾಗದು ಎಂಬುದು ಒಂದು; ಬದಲಾಗುತ್ತದೆ, ಆದರೆ ಅದಕ್ಕೆ ಬೆಲೆ ತೆರಬೇಕು ಎಂಬುದು ಇನ್ನೊಂದು; ಬದಲಾದಾಗ ಕಾಲವೇ ಎರಡು ಕವಲಾಗುತ್ತದೆ ಎಂಬುದು ಮೂರನೆಯದು. ಮನೆತನದ ಕಥೆಗೆ ನಾನು ಒತ್ತಾಯದಿಂದ ಸೂಚಿಸುವುದು ಮೊದಲನೆಯದನ್ನು, ಏಕೆಂದರೆ ಅಲ್ಲಿ ಹಿರಿಯರ ಮೌನಕ್ಕೆ ಅರ್ಥ ಬರುತ್ತದೆ. 1933ರಲ್ಲಿ ಆರು ವರ್ಷದವಳಾಗಿದ್ದ ಹುಡುಗಿಗೆ 2022ರಲ್ಲಿ ತೊಂಬತ್ತೈದು ವರ್ಷ. ಕೋಡಿಯ ದಂಡೆಯಲ್ಲಿ ತನಗೆ ದಾರಿ ತೋರಿಸಿದ ಅಪರಿಚಿತನ ಮುಖವನ್ನು ಅವಳು ಮರೆತಿಲ್ಲ. ಮರಿಮಗ ಬೆಳೆಯುತ್ತ ಬಂದಂತೆ ಆ ಮುಖವೇ ಅವನಿಗೆ ಬರುತ್ತಿರುವುದನ್ನು ಕಂಡು, ಯಾರಿಗೂ ಹೇಳದೆ ಕಾದಿದ್ದಾಳೆ. ಅಂದು ‘ಅಣ್ಣಾ’ ಎಂದು ಕರೆದವನನ್ನೇ ಇಂದು ‘ಕೂಸೇ’ ಎನ್ನುತ್ತಾಳೆ.

ಕಾಲವನ್ನು ಸೂಚಿಸಲು ಪ್ರತಿ ಅಧ್ಯಾಯದ ತಲೆಯ ಮೇಲೆ ಇಸವಿ ಬರೆಯುವುದು ಸುಲಭ, ಆದರೆ ಅದರಿಂದ ಓದುಗರಿಗೆ ಹುಡುಕುವ ಸುಖ ತಪ್ಪುತ್ತದೆ. ನಮ್ಮ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದನ್ನು ಬಳಸಿಕೊಳ್ಳಿ. 1933ರ ಯುಗಾದಿಗೆ ಆರಂಭವಾದದ್ದು ಶ್ರೀಮುಖ ಸಂವತ್ಸರ. 1873ರಲ್ಲೂ 1993ರಲ್ಲೂ ಅದೇ ಹೆಸರು. ‘ಶ್ರೀಮುಖ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ’ ಎಂದಷ್ಟೇ ಬರೆದ ಚೀಟಿ ಟ್ರಂಕಿನಲ್ಲಿ ಸಿಕ್ಕರೆ ಅದು ಯಾವ ತಲೆಮಾರಿನದು ಎಂಬುದೇ ಒಂದು ಶೋಧವಾಗುತ್ತದೆ. ಚೀಟಿಯಲ್ಲಿರುವ ಸಾಲ ಆಣೆ ಮತ್ತು ಪೈಗಳ ಲೆಕ್ಕದಲ್ಲಿದ್ದರೆ 1993 ಬಿಟ್ಟುಹೋಗುತ್ತದೆ, ಏಕೆಂದರೆ ರೂಪಾಯಿಗೆ ಹದಿನಾರು ಆಣೆಯ ಬದಲು ನೂರು ಪೈಸೆಯ ಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು.

ಹೊಲವೂ ಇಸವಿಯನ್ನು ಹೇಳಬಲ್ಲದು. ದಾವಣಗೆರೆಯ ಸುತ್ತ ಜೋಳ, ಹತ್ತಿ ಬೆಳೆಯುತ್ತಿದ್ದ ಭೂಮಿಗೆ ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತ ಬಂತು, ಆಮೇಲೆ ಅಡಿಕೆಯೂ ಬಂತು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಏಳನೇ ನಂಬರಿನ ಅರ್ಜಿ ಹಾಕಿ ಹೊಲದ ಒಡೆಯರಾದ ಕಾಲವನ್ನು ಒಂದು ತಲೆಮಾರಿಗಾದರೂ ಕೊಡಿ. ಒಂದೇ ಹೊಲದ ಬಗ್ಗೆ ಎರಡು ಮನೆಗಳಿಗೆ ಎರಡು ಸತ್ಯಗಳಿರುವುದು ಅಲ್ಲಿ ಕಾಣುತ್ತದೆ. 1933ರ ನಕ್ಷೆಯನ್ನೂ ಎದುರಿಗಿಟ್ಟುಕೊಳ್ಳಿ. ದಾವಣಗೆರೆ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಪನಹಳ್ಳಿಗೆ ಕೊಟ್ಟ ಮಗಳು ಮದ್ರಾಸ್ ಪ್ರಾಂತ್ಯಕ್ಕೂ, ಹೊಳೆಯಾಚೆ ರಾಣೆಬೆನ್ನೂರಿಗೆ ಕೊಟ್ಟವಳು ಮುಂಬಯಿ ಪ್ರಾಂತ್ಯಕ್ಕೂ ಹೋದಂತಾಗುತ್ತಿತ್ತು.

ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದಾಗಿ ಒಂದು ತಲೆಮಾರು ಬಿಟ್ಟು ಒಂದರಲ್ಲಿ ತಿಪ್ಪೇಸ್ವಾಮಿಯೇ ಸಿಗುತ್ತಾನೆ. ಈ ಗೊಂದಲ ಕಥೆಗೆ ಬೇಕಿದ್ದರೆ ಉಳಿಸಿಕೊಳ್ಳಿ. ಬೇಡವಾದರೆ ಮನೆಯಲ್ಲಿ ಕರೆಯುವ ಅಡ್ಡಹೆಸರುಗಳಿಂದ ಬೇರ್ಪಡಿಸಿ. ಈ ಹೆಸರುಗಳನ್ನೆಲ್ಲ ಒಪ್ಪವಾಗಿ ಕಾಪಾಡಿದವರು ಹೆಳವರು. ಎತ್ತಿನ ಮೇಲೆ ಬಂದು ಮನೆಯ ಮುಂದೆ ವಂಶಾವಳಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದ ಅವರ ಕುಟುಂಬಗಳಿಗೂ ತಲೆಮಾರುಗಳಿವೆ. ಆದ್ದರಿಂದ ನಿಮ್ಮ ಕಥೆಯ ಪ್ರತಿಯೊಂದು ಕಾಲದಲ್ಲೂ ಒಬ್ಬ ಹೆಳವನು ಬರಬಹುದು. ಎಲ್ಲ ಹೆಸರನ್ನೂ ಹೇಳಿ, ಒಂದು ಹೆಸರಿನ ಬಳಿ ಮಾತ್ರ ಅವನು ತಡೆದು ನಿಂತರೆ ಮನೆಯವರ ಪ್ರಶ್ನೆಗೆ ಹೊರಗಿನ ಸಾಕ್ಷಿ ದೊರೆತಂತಾಗುತ್ತದೆ. ನಿಮ್ಮ ಕಡೆ ಈಗಲೂ ಹೆಳವರು ಬರುತ್ತಿದ್ದರೆ ಬರೆಯುವ ಮೊದಲು ಅವರ ಬಳಿ ಕುಳಿತು ಕೇಳಿ. ಅವರು ಹೇಳುವ ಧಾಟಿ, ಯಾರನ್ನು ಮೊದಲು ಹೆಸರಿಸುತ್ತಾರೆ, ಹೆಣ್ಣುಮಕ್ಕಳನ್ನು ಎಲ್ಲಿ ಸೇರಿಸುತ್ತಾರೆ ಎಂಬುದನ್ನು ಗಮನಿಸಿ.

ಅಧ್ಯಾಯಗಳನ್ನು ಹಿಂದೆ ಮುಂದೆ ಹೆಣೆಯುವ ಮೊದಲು ಪ್ರತಿಯೊಂದು ಕಾಲದ ಕಥೆಯನ್ನೂ ಬೇರೆಯಾಗಿ, ನಡೆದ ಕ್ರಮದಲ್ಲಿಯೇ ಬರೆದು ಮುಗಿಸುವುದು ಒಳ್ಳೆಯದು. ಜೊತೆಗೆ ಒಂದು ದೊಡ್ಡ ಹಾಳೆಯಲ್ಲಿ ಪ್ರತಿ ಪಾತ್ರದ ಹುಟ್ಟು, ಮದುವೆ, ಸಾವು, ಪ್ರತಿ ಕೋಡಿಯ ವರ್ಷದಲ್ಲಿ ಅವರ ವಯಸ್ಸು, ಯಾರಿಗೆ ಯಾವ ಗುಟ್ಟು ಯಾವಾಗ ತಿಳಿಯಿತು ಎಂಬುದನ್ನು ಗುರುತಿಸಿ. ಹೆಣಿಗೆ ಮುಗಿದ ಮೇಲೆ ಪ್ರತಿ ಸಂಭಾಷಣೆಯನ್ನೂ ಆ ಹಾಳೆಯೊಡನೆ ಹೋಲಿಸಿ, ಪಾತ್ರವು ತನಗೆ ಇನ್ನೂ ತಿಳಿದಿರಲಾರದ ಮಾತನ್ನು ಆಡಿದ್ದರೆ ಅದು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ.