ಶಿವಮೊಗ್ಗದ ಲ್ಯಾಬಿನಲ್ಲಿ ಅರಬ್ಬಿ ಸಮುದ್ರ

ಘಟ್ಟದ ಮೇಲೆ ಕೂತು ಸಮುದ್ರದ ಪ್ರಾಕ್ಟಿಕಲ್ ಮಾಡಿಸ್ತೀರಾ ಎಂದು ನಕ್ಕವರೇ ಈಗ ವರ್ಕ್‌ಶೀಟ್ ಕೇಳುತ್ತಿದ್ದಾರೆ. ಬಿ.ಎಸ್ಸಿ. ಮಕ್ಕಳಿಗೆ ಮಾಡಿಸುವ ಕ್ರಮ ಇದು.

ಡೇಟಾ ಆರ್ಗೋ ಫ್ಲೋಟ್‌ಗಳದ್ದು (ಸಮುದ್ರದಲ್ಲಿ ಮುಳುಗಿ ಏಳುತ್ತ ಉಷ್ಣತೆ, ಲವಣಾಂಶ ಅಳೆಯುವ ತೇಲುಯಂತ್ರಗಳು), ಪುಕ್ಕಟೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನಲ್ಲೂ ಸಿಗುತ್ತದೆ, ಫ್ರಾನ್ಸಿನ ಡೇಟಾ ಕೇಂದ್ರ ಕೊರಿಯೊಲಿಸ್‌ನಲ್ಲೂ. ಕ್ಲಾಸಿನಲ್ಲೇ ಡೌನ್‌ಲೋಡ್ ಮಾಡಿಸುವ ಆಸೆ ಬಿಡಿ. ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್ ಇರಲ್ಲ. ಡೇಟಾ ಬರುವ ನೆಟ್‌ಸಿಡಿಎಫ್ ಫೈಲನ್ನು ಮನೆಯಲ್ಲೇ ಓಷನ್ ಡೇಟಾ ವ್ಯೂ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು, ಟೆಕ್ಸ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಕೆಡುವುದೆಲ್ಲ ಎಕ್ಸೆಲ್‌ನಲ್ಲಿ. ರೀಡಿಂಗ್ ಇಲ್ಲದ ಕಡೆ 99999 ಎಂದಿರುತ್ತದೆ. ಅದನ್ನು ತೆಗೆಯದಿದ್ದರೆ ಇಡೀ ಗ್ರಾಫ್ ಒಂದು ಮೂಲೆಗೆ ಮುದುಡುತ್ತದೆ. ಕ್ಯೂಸಿ ಫ್ಲ್ಯಾಗ್ (ರೀಡಿಂಗಿನ ಗುಣಮಟ್ಟದ ಗುರುತು) 1, ಅಂದರೆ ಒಳ್ಳೆಯದು, ಎಂದಿರುವ ಸಾಲುಗಳನ್ನಷ್ಟೇ ಉಳಿಸಿ. ಮಕ್ಕಳು ಲೈನ್ ಚಾರ್ಟ್ ಒತ್ತುತ್ತಾರೆ, ಅಲ್ಲೇ ಎಡವಟ್ಟು: ಮೇಲ್ಗಡೆ ಐದು–ಹತ್ತು ಮೀಟರಿಗೊಂದು, ಕೆಳಗೆ ಇಪ್ಪತ್ತೈದು–ಐವತ್ತಕ್ಕೊಂದು ರೀಡಿಂಗ್ ಇದ್ದರೂ ಲೈನ್ ಚಾರ್ಟ್ ಎಲ್ಲವನ್ನೂ ಸಮದೂರದಲ್ಲಿ ಇಡುತ್ತದೆ, ಥರ್ಮೋಕ್ಲೈನ್ (ಆಳಕ್ಕೆ ಇಳಿದಂತೆ ಉಷ್ಣತೆ ಬೇಗ ಬೀಳುವ ಪದರ) ಆಕಾರವೇ ಸುಳ್ಳಾಗುತ್ತದೆ. ಸ್ಕ್ಯಾಟರ್ ಹಾಕಿಸಿ, ಉಷ್ಣತೆ ಅಡ್ಡಕ್ಕೆ, ಒತ್ತಡ ಉದ್ದಕ್ಕೆ, ಆಳ ಕೆಳಗೆ ಬರುವಂತೆ ಆ ಅಕ್ಷ ತಲೆಕೆಳಗು. ಒತ್ತಡದ ಅಳತೆ ಡೆಸಿಬಾರ್‌ನಲ್ಲಿ; ಒಂದು ಡೆಸಿಬಾರ್ ಎಂದರೆ ಒಂದು ಮೀಟರ್ ಎಂದುಕೊಂಡರೆ ಈ ಮಟ್ಟಕ್ಕೆ ಸಾಕು.

ಪ್ರಶ್ನೆ ಒಂದೇ: ಮಿಶ್ರ ಪದರ (ಕಲಕಿ ಉಷ್ಣತೆ ಹೆಚ್ಚುಕಮ್ಮಿ ಒಂದೇ ಆಗಿರುವ ಮೇಲಿನ ನೀರು) ಎಷ್ಟು ಆಳ? 10 ಮೀಟರಿನ ಉಷ್ಣತೆಗಿಂತ 0.2 ಡಿಗ್ರಿ ಇಳಿಯುವ ಆಳ ಹುಡುಕಬೇಕು. ಎರಡು ರೀಡಿಂಗ್ ನಡುವೆ ಬಿದ್ದರೆ ಇಂಟರ್‌ಪೊಲೇಷನ್, ಅಂದರೆ ನಡುವಿನ ಬೆಲೆಯನ್ನು ಅನುಪಾತದಿಂದ ಲೆಕ್ಕ ಹಾಕುವುದು. ಮಧ್ಯ ಅರಬ್ಬಿ ಸಮುದ್ರದಲ್ಲಿ ಮೇ ತಿಂಗಳಿಗೆ ಇಪ್ಪತ್ತು–ಮೂವತ್ತು ಮೀಟರ್ ಬರುತ್ತದೆ, ಆಗಸ್ಟ್‌ಗೆ ಎಪ್ಪತ್ತು–ಎಂಬತ್ತರ ಆಸುಪಾಸು. ಆಗುಂಬೆಗೆ ಮಳೆ ತರುವ ಗಾಳಿಯೇ ಅಲ್ಲಿ ನೀರು ಕಲಕಿದ್ದು ಎಂದರೆ ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಡ. ಯಾವ ಫ್ಲೋಟ್ ಆರಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಉತ್ತರ ಬಂಗಾಳ ಕೊಲ್ಲಿಗೆ ಇದೇ ಸೂತ್ರ ಕೈಕೊಡುತ್ತದೆ. ನದಿನೀರು ಮೇಲೆ ಹರಡಿ, ಕೆಳಗಿಳಿದಂತೆ ಉಷ್ಣತೆ ಬದಲಾಗುವ ಮೊದಲೇ ಲವಣಾಂಶ ಏರುತ್ತದೆ. ಇದನ್ನು ತೋರಿಸಲು ಗಾಜಿನ ಜಾರ್ ಸಾಕು. ಲೀಟರಿಗೆ 35 ಗ್ರಾಂ ಉಪ್ಪು ಹಾಕಿ, ನೀಲಿ ಇಂಕ್ ಬೆರೆಸಿ ಅರ್ಧ ತುಂಬಿಸಿ. ಮೇಲೆ ಥರ್ಮೋಕೋಲ್ ಚೂರು ತೇಲಿಸಿ ಅದರ ಮೇಲೆ ಸಿಹಿನೀರನ್ನು ನಿಧಾನ ಸುರಿಯಿರಿ. ಟೇಬಲ್ ಫ್ಯಾನ್ ಬಿಟ್ಟರೂ ಗಡಿ ಬೇಗ ಕದಡುವುದಿಲ್ಲ. ಕೊಲ್ಲಿಯಲ್ಲಿ ಇಷ್ಟು ದೊಡ್ಡ ಅಂತರವಿಲ್ಲ, ಅದನ್ನು ಹೇಳಿಯೇ ತೋರಿಸಿ.

ಖರ್ಚು? ಪೆನ್‌ಡ್ರೈವ್, ಉಪ್ಪು, ಜೆರಾಕ್ಸ್ ಎಲ್ಲ ಸೇರಿ ಸಾವಿರದೊಳಗೆ. ಎಲ್ಲರಿಗೂ ಒಂದೇ ಪ್ರೊಫೈಲ್ (ಫ್ಲೋಟ್ ಒಂದು ಸಲ ಅಳೆದ ರೀಡಿಂಗ್‌ಗಳು) ಕೊಟ್ಟರೆ ರೆಕಾರ್ಡುಗಳೆಲ್ಲ ಒಂದೇ ಉತ್ತರದ ನಕಲು. ಒಬ್ಬೊಬ್ಬರಿಗೂ ಬೇರೆ ಸೈಕಲ್ ನಂಬರ್ (ಫ್ಲೋಟ್ ಎಷ್ಟನೇ ಸಲ ಮುಳುಗಿ ಎದ್ದದ್ದು ಎಂಬ ಸಂಖ್ಯೆ) ಹಂಚಿ.