ಲೋಳೆಸರ, ಅರಿಶಿಣ, ಸುಣ್ಣ: ಕೆಚ್ಚಲು ಬಾವು ಇಳಿಸಿದ ನನ್ನ ಅನುಭವ

ಹೋದ ಮಳೆಗಾಲದಲ್ಲಿ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಆಕಳ ಹಿಂದಿನ ಎಡ ಮೊಲೆ ಬಾತಿತ್ತು. "ಸೊಪ್ಪು ಸದೆ ಹಚ್ಚಿಕೊಂಡು ಕೂತರೆ ಮೊಲೆ ಹೋಗುತ್ತೆ ನೋಡು" ಅಂತ ಡೇರಿ ಮುಂದೆ ನಾಲ್ಕು ಮಂದಿ ಹೇಳಿದ್ದರು. ಈಗ ಆ ಒಂದು ಮೊಲೆಯಿಂದಲೇ ಹೊತ್ತಿಗೆ ಹತ್ತಿರ ಹತ್ತಿರ ಎರಡು ಲೀಟರ್ ಬರುತ್ತಿದೆ.

ನಮ್ಮದು ಹಾನಗಲ್ ಕಡೆ. ಮಳೆ ಹಿಡಿದರೆ ಕೊಟ್ಟಿಗೆ ನೆಲ ಆರುವುದೇ ಇಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಆಕಳಿಗೆ ಇದೇ ಬಾವು ಬಂದಿತ್ತು. ಇಂಜೆಕ್ಷನ್, ಮೊಲೆಯೊಳಗೆ ಬಿಡುವ ಔಷಧಿ ಟ್ಯೂಬ್ ಅಂತ ನಾಲ್ಕು ಸಾವಿರ ಹೋಯಿತು. ವಾರದ ಹಾಲು ಚೆಲ್ಲಿದ್ದು ಬೇರೆ. ತಡವಾಗಿ ನೋಡಿದ್ದೆ, ಅದೇ ತಪ್ಪು. ಕೊನೆಗೆ ಗಾಬರಿಯಲ್ಲಿ ಲೋಳೆಸರವನ್ನೂ ಹಚ್ಚಿದೆ, ಅದೂ ಅಂದಾಜಿನಲ್ಲಿ. ಸುಣ್ಣ ಜಾಸ್ತಿಯಾಗಿ ಚರ್ಮ ಸುಲಿಯಿತು. ಮೊಲೆ ಬತ್ತಿತು. ಅರವತ್ತು ಸಾವಿರದ ಆಕಳು ಮೂವತ್ತೈದಕ್ಕೆ ಹೋಯಿತು.

ಈ ಸಲ ತೂಕ ಮಾಡಿಯೇ ಹಾಕಿದೆ. ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹೇಳುವ ಅಳತೆಯೇ: ಲೋಳೆಸರ 250 ಗ್ರಾಂ, ಅರಿಶಿಣ 50, ಸುಣ್ಣ 15. ಮುಳ್ಳು ತೆಗೆದು ಸಿಪ್ಪೆ ಸಮೇತ ಅರೆಯಬೇಕು. ಸುಣ್ಣ ಬಿದ್ದ ಕೂಡಲೇ ಹಳದಿ ಹೋಗಿ ಕುಂಕುಮದ ಕೆಂಪು ಬರುತ್ತದೆ. ಒಂದು ಹಿಡಿ ತೆಗೆದು ನೀರಲ್ಲಿ ತೆಳ್ಳಗೆ ಕಲಸಿ ಹಚ್ಚಬೇಕು. ದಿನಾ ಹೊಸದಾಗಿ ಅರೆಯಬೇಕು.

ಮೊದಲ ದಿನ ಕಪ್ಪು ತಟ್ಟೆಗೆ ಹಿಂಡಿದರೆ ಹಳದಿ ನೀರು, ಅದರಲ್ಲಿ ಒಡೆದ ಹಾಲಿನಂಥ ಗಂಟು. ಕೆಚ್ಚಲು ಮುಟ್ಟಿದರೆ ಕಲ್ಲು. ಪ್ರತಿ ಸಲ ಪೂರ್ತಿ ಹಿಂಡಿ, ತೊಳೆದು, ಆಮೇಲೆ ಲೇಪ. ದಿನಕ್ಕೆ ಹತ್ತು ಸಲ! ಜನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಚ್ಚಿ "ಇದು ಕೆಲಸ ಮಾಡಲ್ಲ" ಅಂತಾರೆ. ಹೆಂಡತಿ ಐದು ಸಲ, ನಾನು ಐದು ಸಲ ಹಂಚಿಕೊಂಡೆವು. ಜೊತೆಗೆ ಹೊತ್ತಿಗೆ ಎರಡು ನಿಂಬೆಹಣ್ಣು ಹೆಚ್ಚಿ ತಿನ್ನಿಸಿದೆ. ಮೂರನೇ ದಿನ ಕೆಚ್ಚಲು ಮೆತ್ತಗಾಯಿತು. ಆರನೇ ದಿನ ತಟ್ಟೆಯಲ್ಲಿ ಒಂದೂ ಗಂಟಿಲ್ಲ. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಿಲ್ಲ.

ನಡುವೆ ಒಂದು ದಿನ ಹಾಲಿಗೆ ರಕ್ತ ಬಂತು. ಕರಿಬೇವು, ಬೆಲ್ಲ ಅರೆದು ತಿನ್ನಿಸಿದೆ, ನಿಂತಿತು. ಲೋಳೆಸರದ ಬದಲು ಬೇವಿನ ಸೊಪ್ಪನ್ನೂ ಒಂದು ಹೊತ್ತು ನೋಡಿದೆ, ಹತ್ತು ನಿಮಿಷಕ್ಕೆ ಒಣಗಿ ಉದುರಿತು. ಲೇಪ ಅಂಟಿ ನಿಲ್ಲಲು ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಅದನ್ನು ಇನ್ನೆರಡು ಆಕಳಿಗೆ ಹಚ್ಚಿ ನೋಡಿದ ಮೇಲೆಯೇ ಹೇಳುವೆ.

ಆದರೆ ಜ್ವರ ಏರಿ ಮೇವು ಬಿಟ್ಟರೆ ಲೇಪ ನಂಬಿ ಕೂರಬೇಡಿ, ಅವತ್ತೇ ಡಾಕ್ಟರನ್ನು ಕರೆಯಿರಿ. ಕೆಟ್ಟ ಹಾಲನ್ನು ಕೊಟ್ಟಿಗೆಯಲ್ಲಿ ಚೆಲ್ಲಬೇಡಿ, ಕರುವಿಗೂ ಬೇಡ. ಈಗ ಹಿಂಡಿದ ಮೇಲೆ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸುತ್ತೇನೆ. ಮೊಲೆಯ ತೂತು ಮುಚ್ಚುವ ತನಕ ಕೆಸರು ತಾಗಬಾರದು ಅಲ್ವಾ. ಈ ಮಳೆಗಾಲದಲ್ಲಿ ನಾಲ್ಕು ಆಕಳಲ್ಲಿ ಒಂದಕ್ಕೂ ಇನ್ನೂ ಬಾವು ಬಂದಿಲ್ಲ.